ದಿಲ್ಲಿ ಚಳಿಯಲ್ಲಿ ಸ್ಟ್ರಾಬೆರಿ: ಗಿಡ ಹೊರಗೇ ಇರಲಿ

ಇವತ್ತು ಬಾಲ್ಕನಿ ಸ್ಟ್ರಾಬೆರಿ ವಿಷಯ. ದಿಲ್ಲಿ, ನೋಯ್ಡಾ, ಗುರುಗ್ರಾಮದ ಕಡೆ ಇರೋರಿಗೆ ಇದು ಹೆಚ್ಚು ಉಪಯೋಗ. ಪುಣೆಯವರಿಗೆ ಮಹಾಬಳೇಶ್ವರ ಹತ್ರನೇ ಇದೆ, ನೀವು ಹಣ್ಣು ತಿಂತಾ ಕೇಳಿ.

ಮೊದಲು ನನ್ನ ತಪ್ಪು ಹೇಳ್ಬಿಡ್ತೀನಿ. ಗುರುಗ್ರಾಮಕ್ಕೆ ಬಂದ ಮೊದಲ ಚಳಿಗಾಲ ಹನ್ನೆರಡು ಸಸಿ ತಂದೆ. ಡಿಸೆಂಬರ್ ಕೊನೆಗೆ ರಾತ್ರಿ 4 ಡಿಗ್ರಿಗೆ ಇಳೀತು. ನಮಗೇ ರಜಾಯಿ ಸಾಲ್ತಿಲ್ಲ, ಪಾಪ ಗಿಡದ ಗತಿ ಏನು ಅಂತ ಎಲ್ಲ ಕುಂಡ ಎತ್ತಿ ಹಾಲ್‌ನಲ್ಲಿ ಹೀಟರ್ ಪಕ್ಕ ಇಟ್ಟೆ. ಎಲೆ ಸೊಂಪಾಗಿ ಬಂತು. ಹಣ್ಣು? ಇಡೀ ಸೀಸನ್‌ಗೆ ಮೂರು, ಅದೂ ಸೊಟ್ಟ. ಮಗಳು ಲೆಕ್ಕ ಹಾಕಿ, "ಅಪ್ಪಾ, ಒಂದೊಂದು ಹಣ್ಣು ಎಷ್ಟಕ್ಕೆ ಬಿತ್ತು ಗೊತ್ತಾ?" ಅಂದ್ಲು.

ಯಾಕೆ ಹೀಗಾಯ್ತು? ಈಗಿನ ಸ್ಟ್ರಾಬೆರಿ ಹುಟ್ಟಿದ್ದು 18ನೇ ಶತಮಾನದ ಯುರೋಪಿನಲ್ಲಿ, ಎರಡು ಕಾಡು ಜಾತಿಗಳ ಮಿಶ್ರಣವಾಗಿ. ಒಂದು ಚಿಲಿ ದೇಶದ್ದು, ಇನ್ನೊಂದು ಉತ್ತರ ಅಮೆರಿಕದ್ದು. ಚಳಿ ಇದಕ್ಕೆ ತವರುಮನೆ ಇದ್ದ ಹಾಗೆ. ಅಮೆರಿಕದ ಮಿನ್ನೆಸೋಟದಲ್ಲಿ ಮೈನಸ್ 20 ಡಿಗ್ರಿಯಲ್ಲೂ ಹುಲ್ಲು ಹೊದಿಸಿ ಹೊರಗೇ ಬಿಡ್ತಾರೆ, ವಸಂತದಲ್ಲಿ ಮತ್ತೆ ಚಿಗುರುತ್ತೆ. ನಮ್ಮ 4 ಡಿಗ್ರಿ ಅದಕ್ಕೆ ಯಾವ ಲೆಕ್ಕ?

ಇಲ್ಲಿ ಸಿಗೋ ಚಾಂಡ್ಲರ್, ಕ್ಯಾಮರೋಸಾ, ವಿಂಟರ್ ಡಾನ್ ತಳಿಗಳೆಲ್ಲ ಹಗಲು ಚಿಕ್ಕದಾಗಿ, ವಾತಾವರಣ ತಂಪಾದಾಗಲೇ ಮೊಗ್ಗು ಕಟ್ಟೋದು. ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್ ಉರಿಯೋ, ಬೆಚ್ಚಗಿನ ಹಾಲ್‌ನಲ್ಲಿ ಗಿಡಕ್ಕೆ ಚಳಿಗಾಲ ಬಂದಿದ್ದೇ ಗೊತ್ತಾಗಲ್ಲ. ಇನ್ನು ಹಣ್ಣು ಸೊಟ್ಟ ಆಗೋದಕ್ಕೆ ಕಾರಣ ಪರಾಗಸ್ಪರ್ಶ. ಮೇಲೆ ಕಾಣೋ ಒಂದೊಂದು ಬೀಜಕ್ಕೂ ಪರಾಗ ಮುಟ್ಟಬೇಕು. ಮುಟ್ಟದ ಕಡೆ ಹಣ್ಣು ಉಬ್ಬಲ್ಲ. ಹಾಲ್‌ಗೆ ಜೇನುನೊಣ ಎಲ್ಲಿಂದ ಬರುತ್ತೆ? ಎತ್ತರದ ಫ್ಲಾಟ್‌ನಲ್ಲಿರೋರು ಮಧ್ಯಾಹ್ನ ಚಿಕ್ಕ ಪೇಂಟ್ ಬ್ರಷ್‌ನಿಂದ ಹೂವಿನ ಮಧ್ಯೆ ಸುತ್ತಲೂ ಮೆಲ್ಲಗೆ ಸವರಿ.

ಈಗ ಮಾಡೋ ಕ್ರಮ. ದಸರಾ ಆಸುಪಾಸಿನಿಂದ ನವೆಂಬರ್ ಮೊದಲ ವಾರದೊಳಗೆ ನೆಡಿ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲೋದ್ರಿಂದ ದಕ್ಷಿಣದ ಬಾಲ್ಕನಿ ಉತ್ತಮ. ಎಂಟು ಇಂಚಿನ ಕುಂಡಕ್ಕೆ ಒಂದೇ ಗಿಡ. ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮ ಸಮ. ಎಲೆಗಳು ಹುಟ್ಟೋ ಗಡ್ಡೆಯಂಥ ಬುಡ ಇದೆಯಲ್ಲ, ಅದು ಸರಿಯಾಗಿ ಮಣ್ಣಿನ ಮಟ್ಟಕ್ಕಿರಬೇಕು. ಹೂತರೆ ಕೊಳೆಯುತ್ತೆ, ಮೇಲೆದ್ದರೆ ಬೇರು ಒಣಗುತ್ತೆ.

ನೀರಿನ ವಿಷಯದಲ್ಲಿ ಹುಷಾರು. ಆರ್‌ಒ ಮೆಷಿನ್‌ನಿಂದ ಹೊರಗೆ ಬರೋ ವೇಸ್ಟ್ ನೀರು ದಯವಿಟ್ಟು ಹಾಕ್ಬೇಡಿ. ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ, ಸ್ಟ್ರಾಬೆರಿ ಅದನ್ನ ತಡ್ಕೊಳ್ಳಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ರೆ, ಮಣ್ಣು ಕ್ಷಾರವಾಗಿ ಕಬ್ಬಿಣದಂಶ ಸಿಗ್ತಿಲ್ಲ ಅಂತ ಅರ್ಥ.

ಚಳಿ ನಿಜವಾಗಿ ಕೆಡಿಸೋದು ಅರಳಿದ ಹೂವನ್ನ. ಮೈನಸ್ 1 ಡಿಗ್ರಿ ಹತ್ರ ಹೋದ್ರೆ ಹೂವಿನ ನಡುಭಾಗ ಕಪ್ಪಾಗುತ್ತೆ, ಅದು ಹಣ್ಣಾಗಲ್ಲ. ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿ, ಟೆರೇಸಿನ ಗಿಡಗಳ ಸುತ್ತ ನಾಲ್ಕು ಕೋಲು ನಿಲ್ಲಿಸಿ ಹಳೇ ಬೆಡ್‌ಶೀಟ್ ಹೊದಿಸಿ. ಬೆಳಿಗ್ಗೆ ತೆಗೆದುಬಿಡಿ. ಹಣ್ಣಿನ ಕೆಳಗೆ ಒಣಹುಲ್ಲು ಹಾಕಿದ್ರೆ ಹಸಿ ಮಣ್ಣು ತಾಗಿ ಕೊಳೆಯಲ್ಲ.

ಗಿಡದ ನಿಜವಾದ ಶತ್ರು ಮೇ ತಿಂಗಳ 44 ಡಿಗ್ರಿ. ಅಲ್ಲಿವರೆಗೆ ಬಂದ ಗಿಡ ಬಹುಪಾಲು ಉಳಿಯಲ್ಲ, ಬೇಜಾರಾಗ್ಬೇಡಿ. ನಮ್ಮಲ್ಲಿ ಇದು ಒಂದೇ ಸೀಸನ್ ಬೆಳೆ, ಮುಂದಿನ ಅಕ್ಟೋಬರ್‌ಗೆ ಹೊಸ ಸಸಿ ತನ್ನಿ.

ಎರಡನೇ ವರ್ಷ ಕುಂಡಗಳನ್ನ ಬಾಲ್ಕನಿಯಲ್ಲೇ ಬಿಟ್ಟೆ. ಫೆಬ್ರವರಿಯಲ್ಲಿ ಮಗಳು ದಿನಾ ಸ್ಕೂಲ್ ಡಬ್ಬಿಗೆ ಎರಡು ಮೂರು ಹಣ್ಣು ಕಿತ್ಕೊಂಡು ಹೋಗ್ತಿದ್ಲು. ಆಮೇಲೆ ರೂಪಾಯಿ ಲೆಕ್ಕ ಕೇಳ್ಲಿಲ್ಲ. ಸರಿ, ಮುಂದಿನ ವಿಡಿಯೋದಲ್ಲಿ ಸಿಗೋಣ.