ಮೋಟಾರು ಗಾಡಿಯ ಎಂಜಿನು ಹೊತ್ತ ಸಣ್ಣ ವಿಮಾನದ ಪುನರ್ನಿರ್ಮಾಣ: ಕ್ರ್ಯಾಂಕ್ ದಂಡದ ಪ್ರಶ್ನೆ

ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಚೆರಿ ಗ್ರೋವ್ ಎಂಬ ಪುಟ್ಟ ಗ್ರಾಮದಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬ ಯಂತ್ರಕರ್ಮಿ 1929ರಲ್ಲಿ ಒಂದು ವಿಮಾನವನ್ನು ಹಾರಿಸಿದನು. ಎರಡು ಆಸನಗಳು, ಛತ್ರಿಯಂತೆ ಮೇಲೆತ್ತಿ ನಿಲ್ಲಿಸಿದ ಒಂದೇ ಜೊತೆ ರೆಕ್ಕೆ, ಮರದ ಹಂದರ, ಅದರ ಮೇಲೆ ಬಟ್ಟೆಯ ಹೊದಿಕೆ. ಇದಕ್ಕೆ ಆತನು ಇಟ್ಟ ಹೆಸರು ‘ಏರ್ ಕ್ಯಾಂಪರ್’. ಇಷ್ಟರಲ್ಲಿ ವಿಶೇಷವೇನೂ ಇಲ್ಲ, ವಿಶೇಷವಿದ್ದುದು ಮೂಗಿನಲ್ಲಿ. ಅಲ್ಲಿ ಕುಳಿತಿದ್ದುದು ವಿಮಾನಕ್ಕೆಂದು ತಯಾರಾದ ಎಂಜಿನಲ್ಲ, ಫೋರ್ಡ್ ‘ಎ’ ಮಾದರಿಯ ಮೋಟಾರು ಗಾಡಿಯ ಎಂಜಿನು. ಗಾಡಿಯ ಎಂಜಿನಿನಿಂದ ವಿಮಾನ ಹಾರಲಾರದೆಂಬ ಮಾತು ಅಂದಿನ ತಾಂತ್ರಿಕ ಪತ್ರಿಕೆಗಳಲ್ಲಿ ಪ್ರಚಲಿತವಾಗಿತ್ತು. 1930ರಲ್ಲಿ ಪೀಟನ್‌ಪೋಲ್ ಮಿನಿಯಾಪೊಲಿಸ್ ನಗರಕ್ಕೆ ಇಂಥ ವಿಮಾನವನ್ನು ಹಾರಿಸಿಕೊಂಡು ಹೋಗಿಯೇ ಒಬ್ಬ ಸಂಪಾದಕನ ಸಂದೇಹವನ್ನು ನಿವಾರಿಸಿದನು. ಮುಂದೆ ನಕ್ಷೆಗಳು ಅಚ್ಚಾದವು. ಅವನ್ನು ನೋಡಿ ಮನೆಯ ಅಂಗಳದಲ್ಲಿ, ಧಾನ್ಯದ ಕೊಟ್ಟಿಗೆಯಲ್ಲಿ ವಿಮಾನ ಕಟ್ಟಿದವರು ಹಲವರು.

ಹೀಗೆ ಕಟ್ಟಿದ ವಿಮಾನಗಳು ದಶಕಗಳ ಕಾಲ ಮೂಲೆಯಲ್ಲಿ ಬಿದ್ದಿದ್ದು ಬೇರೊಬ್ಬರ ಕೈಗೆ ಬರುವುದುಂಟು. ಅವರು ಅದನ್ನು ಬಿಚ್ಚಿ ಮತ್ತೆ ಕಟ್ಟಲು ತೊಡಗಿದಾಗ ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಈ ಎಂಜಿನು ಎಷ್ಟು ಅಶ್ವಶಕ್ತಿಯನ್ನು ಕೊಡುತ್ತದೆ? ಪ್ರಶ್ನೆ ಸಹಜವಾದರೂ ಮುಖ್ಯವಾದುದಲ್ಲವೆಂದು ನಮ್ಮ ಅಭಿಪ್ರಾಯ. ಆ ಶಕ್ತಿ ಪ್ರೊಪೆಲರನ್ನು ತಲುಪುವ ಹಾದಿಯಲ್ಲಿ ಯಾವ ಲೋಹವು ಯಾವ ಬಲಕ್ಕೆ ಒಳಗಾಗುತ್ತದೆ, ಆ ಬಲವನ್ನು ಅದರ ಮೂಲ ರಚನಕಾರನು ನಿರೀಕ್ಷಿಸಿದ್ದನೇ ಎಂಬುದೇ ಮೊದಲು ವಿಚಾರಿಸಬೇಕಾದ ವಿಷಯ.

ಶಕ್ತಿಯ ಮಾತನ್ನು ಬೇಗ ಮುಗಿಸಬಹುದು. ಫೋರ್ಡ್ ‘ಎ’ ಎಂಜಿನಿಗೆ ನಾಲ್ಕು ಸಿಲಿಂಡರುಗಳು, ಒಟ್ಟು ಗಾತ್ರ ಸುಮಾರು 3.3 ಲೀಟರು, ನಿಮಿಷಕ್ಕೆ 2,200 ಸುತ್ತುಗಳಲ್ಲಿ 40 ಅಶ್ವಶಕ್ತಿ. ಇಂದಿನ ಸಣ್ಣ ಕಾರೂ ಇದಕ್ಕಿಂತ ಹೆಚ್ಚು ಶಕ್ತಿಯುಳ್ಳದ್ದು. ಆದರೆ ಈ ಎಂಜಿನು ನಿಧಾನವಾಗಿ ತಿರುಗುವುದರಿಂದ ಸುಮಾರು 193 ಸೆಂಟಿಮೀಟರು ವ್ಯಾಸದ ಪ್ರೊಪೆಲರನ್ನು ಗೇರುಗಳ ನೆರವಿಲ್ಲದೆ ನೇರವಾಗಿ ತಿರುಗಿಸಬಲ್ಲದು. 2,000 ಸುತ್ತುಗಳಲ್ಲಿ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 202 ಮೀಟರು. ಶಬ್ದದ ವೇಗಕ್ಕಿಂತ ಸಾಕಷ್ಟು ಕಡಮೆ. ಫೋಕ್ಸ್‌ವ್ಯಾಗನ್ ಗಾಡಿಯ ಎಂಜಿನನ್ನು ವಿಮಾನಕ್ಕೆ ಅಳವಡಿಸಿದವರು ಸುಮಾರು 3,200 ಸುತ್ತುಗಳಲ್ಲಿ 140 ಸೆಂಟಿಮೀಟರಿನ ಪ್ರೊಪೆಲರನ್ನು ಬಳಸಬೇಕಾಗುತ್ತದೆ. ನಿಂತಲ್ಲಿ ಹುಟ್ಟುವ ನೂಕುಬಲದ ಘನವು ಶಕ್ತಿಯ ವರ್ಗಕ್ಕೂ ವ್ಯಾಸದ ವರ್ಗಕ್ಕೂ ಅನುಪಾತದಲ್ಲಿರುತ್ತದೆಂಬುದು ಆದರ್ಶ ಪ್ರೊಪೆಲರಿನ ಸಿದ್ಧಾಂತ. ಅದರಂತೆ ಲೆಕ್ಕ ಹಾಕಿದರೆ, ಶಕ್ತಿ ಸಮವಾಗಿದ್ದರೂ ದೊಡ್ಡ ಪ್ರೊಪೆಲರು ಶೇಕಡಾ 24ರಷ್ಟು ಹೆಚ್ಚು ನೂಕುತ್ತದೆ. ಹಳೆಯ ಫೋರ್ಡಿನ 40 ಅಶ್ವಶಕ್ತಿಯು ಇಬ್ಬರನ್ನು ಹೊತ್ತು ನೆಲ ಬಿಡಿಸಿದ್ದರ ರಹಸ್ಯ ಬಹುಮಟ್ಟಿಗೆ ಇದೇ.

ಇನ್ನು ಕ್ರ್ಯಾಂಕ್ ದಂಡದ ವಿಷಯ. ಗಾಡಿಯಲ್ಲಿ ಈ ದಂಡವು ಮಾಡಬೇಕಾದ ಕೆಲಸ ತಿರುಚುವಿಕೆಯೊಂದೇ. ದಂಡದ ತುದಿಯಲ್ಲಿ ಗತಿಚಕ್ರವಿದೆ, ಆಚೆಗೆ ಕ್ಲಚ್ಚು, ಗೇರುಪೆಟ್ಟಿಗೆ, ಕೊನೆಗೆ ರಬ್ಬರಿನ ಚಕ್ರಗಳು. ರಸ್ತೆಯ ಕುಲುಕಾಟಗಳಾವುವೂ ದಂಡವನ್ನು ಬಗ್ಗಿಸಲು ಹೋಗುವುದಿಲ್ಲ. ಕ್ಲಚ್ಚನ್ನು ಒತ್ತಿದಾಗ ಮಾತ್ರ ದಂಡವು ಎಂಜಿನಿನ ಒಳಕ್ಕೆ ಒಂದು ಕ್ಷಣ ನೂಕಲ್ಪಡುತ್ತದೆ. ವಿಮಾನದಲ್ಲಿ ಗತಿಚಕ್ರವಿದ್ದ ತುದಿಗೇ ಪ್ರೊಪೆಲರನ್ನು ಬಿಗಿಯುತ್ತಾರೆ. ಎಂಜಿನು ಹಿಂದುಮುಂದಾಗಿ ಕೂರುತ್ತದೆ. ಈಗ ದಂಡವನ್ನು ಹೊರಕ್ಕೆ ಎಳೆಯುವ ಬಲವು ಕ್ಷಣಿಕವಲ್ಲ, ಹಾರಾಟವಿರುವಷ್ಟು ಹೊತ್ತೂ ಇರುತ್ತದೆ, ಅದೂ ಕ್ಲಚ್ಚಿನ ಬಲಕ್ಕೆ ವಿರುದ್ಧ ದಿಕ್ಕಿನಲ್ಲಿ. ಆ ಬಲವನ್ನು ತಡೆಯುವ ಬೇರಿಂಗಿನ ಮುಖವನ್ನು ಪುನರ್ನಿರ್ಮಾಪಕನು ಅಳೆದು ನೋಡದೆ ಮುಂದುವರಿಯಬಾರದು.

ಇದಕ್ಕಿಂತಲೂ ಗಹನವಾದುದು ಬಾಗುವಿಕೆ. ಸೈಕಲ್ಲಿನ ಚಕ್ರವನ್ನು ಅಚ್ಚಿನಲ್ಲಿ ಹಿಡಿದು ರಭಸದಿಂದ ತಿರುಗಿಸಿ, ಬಳಿಕ ಅಚ್ಚನ್ನು ಎಡಕ್ಕೆ ಹೊರಳಿಸಲು ಯತ್ನಿಸಿದ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಕ್ರವು ಎಡಕ್ಕೆ ಬಾರದೆ ಮೇಲಕ್ಕೋ ಕೆಳಕ್ಕೋ ವಾಲುತ್ತದೆ. ಪ್ರೊಪೆಲರೂ ಅಂಥ ಒಂದು ಚಕ್ರವೇ. ವಿಮಾನದ ಮೂಗು ದಿಕ್ಕು ಬದಲಿಸಿದಾಗಲೆಲ್ಲ ಅದು ದಂಡದ ತುದಿಯನ್ನು ಅಡ್ಡವಾಗಿ ಬಗ್ಗಿಸುತ್ತದೆ. ಮರದ ಪ್ರೊಪೆಲರಿನ ಜಡತ್ವ ಭ್ರಾಮಕವನ್ನು ಉದಾಹರಣೆಗಾಗಿ 1 ಕಿಲೋಗ್ರಾಂ-ಚದರ ಮೀಟರು ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 2,000 ಸುತ್ತು ಎಂದರೆ ಸೆಕೆಂಡಿಗೆ 209 ರೇಡಿಯನ್. ವಿಮಾನವು ನೆಲದ ಮೇಲೆ ಸೆಕೆಂಡಿಗೆ ಒಂದು ರೇಡಿಯನ್ನಿನಂತೆ ಥಟ್ಟನೆ ಹೊರಳಿದರೆ ಸರಾಸರಿ ಬಗ್ಗಿಸುವ ಭ್ರಾಮಕವು 209 ನ್ಯೂಟನ್-ಮೀಟರು. ಎಂಜಿನು 40 ಅಶ್ವಶಕ್ತಿಯಲ್ಲಿ ದುಡಿಯುವಾಗ ದಂಡವನ್ನು ತಿರುಚುವ ಸರಾಸರಿ ಭ್ರಾಮಕವಾದರೋ ಸುಮಾರು 129 ಮಾತ್ರ! ಅಷ್ಟೇ ಅಲ್ಲ: ಎರಡು ಅಲಗಿನ ಪ್ರೊಪೆಲರಿನಲ್ಲಿ ಈ ಬಲವು ಸಮನಾಗಿರುವುದಿಲ್ಲ, ಸೊನ್ನೆಯಿಂದ ಸರಾಸರಿಯ ಇಮ್ಮಡಿಯವರೆಗೆ ಏರಿಳಿಯುತ್ತದೆ. ದಂಡದೊಡನೆ ತಾನೂ ತಿರುಗುವ ಒಬ್ಬ ವೀಕ್ಷಕನನ್ನು ಕಲ್ಪಿಸಿಕೊಂಡರೆ, ಅವನಿಗೆ ಒಂದೊಂದು ಸುತ್ತಿನಲ್ಲೂ ದಂಡವು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಾಗುವುದು ಕಾಣುತ್ತದೆ. ತಂತಿಯ ತುಂಡನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವ ರೀತಿಯೂ ಇದೇ ಜಾತಿಯದು.

ಉಕ್ಕಿಗೆ ಒಂದು ಸಹನಶೀಲತೆಯ ಮಿತಿಯಿದೆ. ಪೀಡನವು ಆ ಮಿತಿಯ ಕೆಳಗಿದ್ದರೆ ಕೋಟ್ಯಂತರ ಬಾರಿ ಬಾಗಿದರೂ ಮುರಿಯುವುದಿಲ್ಲ. ಮಿತಿಯನ್ನು ಮೀರಿದರೆ ಇಂದಲ್ಲ ನಾಳೆ ಬಿರುಕು ನಿಶ್ಚಿತ. ದಂಡದ ವ್ಯಾಸ ಬದಲಾಗುವ ಮೂಲೆಯಲ್ಲಿ ಸಾಣೆಗಾರನು ದುಂಡು ತಿರುವು ಬಿಡದೆ ಚೂಪಾಗಿ ಕೊರೆದಿದ್ದರೆ ಅಲ್ಲಿಯ ಪೀಡನವು ಹಲವು ಪಟ್ಟು ಹೆಚ್ಚುತ್ತದೆ. ಈ ಸಂಗತಿಗೆ ಷೆವ್ರೊಲೆ ಕಂಪನಿಯ ‘ಕೋರ್ವೇರ್’ ಎಂಜಿನಿನ ಇತಿಹಾಸವೇ ಸಾಕ್ಷಿ. ಗಾಳಿಯಿಂದ ತಣಿಯುವ, ಆರು ಸಿಲಿಂಡರುಗಳ ಈ ಎಂಜಿನನ್ನು 1960ರ ದಶಕದಲ್ಲಿ ಪೀಟನ್‌ಪೋಲನೇ ತನ್ನ ವಿಮಾನಕ್ಕೆ ಅಳವಡಿಸಿದನು. ನಿಧಾನಗತಿಯ ಏರ್ ಕ್ಯಾಂಪರಿನಲ್ಲಿ ಅದು ಚೆನ್ನಾಗಿಯೇ ನಡೆಯಿತು. 2000ದ ನಂತರದ ವರ್ಷಗಳಲ್ಲಿ ಅದೇ ಎಂಜಿನನ್ನು ಹೆಚ್ಚು ವೇಗದ ವಿಮಾನಗಳಲ್ಲಿ ಬಳಸತೊಡಗಿದಾಗ ಕೆಲವು ಕ್ರ್ಯಾಂಕ್ ದಂಡಗಳು ಮುರಿದವು. ಎಂಜಿನು ಕೊಟ್ಟ ಶಕ್ತಿ ಗಾಡಿಯಲ್ಲಿ ಕೊಡುತ್ತಿದ್ದುದಕ್ಕಿಂತ ಹೆಚ್ಚಿರಲಿಲ್ಲ, ಹೆಚ್ಚಿದ್ದುದು ಬಾಗುವಿಕೆ. ಪರಿಹಾರವಾಗಿ ದಂಡಗಳನ್ನು ನೈಟ್ರೈಡ್ ಮಾಡಿದರು, ಎಂದರೆ ಉಕ್ಕಿನ ಮೇಲ್ಪದರಕ್ಕೆ ಸಾರಜನಕವನ್ನು ಇಂಗಿಸಿ ಗಟ್ಟಿಗೊಳಿಸಿದರು. ಮೂಲೆಗಳಿಗೆ ದುಂಡು ತಿರುವು ಕೊಟ್ಟರು. ಪ್ರೊಪೆಲರಿನ ಹತ್ತಿರ ಐದನೆಯ ಬೇರಿಂಗೊಂದನ್ನು ಸೇರಿಸಿ, ಬಗ್ಗಿಸುವ ಬಲವು ಎಂಜಿನಿನೊಳಕ್ಕೆ ಹೋಗದಂತೆ ತಡೆದರು. ಈ ಮೂರನೆಯ ಉಪಾಯವೇ ನಮಗೆ ಹೆಚ್ಚು ಮೆಚ್ಚಿಗೆಯಾದುದು. ಮೊದಲೆರಡು ಲೋಹವನ್ನು ಬಲಪಡಿಸುತ್ತವೆ, ಇದು ಹೊರೆಯನ್ನೇ ಬೇರೆಡೆಗೆ ವರ್ಗಾಯಿಸುತ್ತದೆ.

ಆದುದರಿಂದ ಹಳೆಯ ಎಂಜಿನನ್ನು ಬಿಚ್ಚಿದವರು ಮೊದಲು ದಂಡವನ್ನು ಕಾಂತೀಕರಿಸಿ, ಕಬ್ಬಿಣದ ಸೂಕ್ಷ್ಮ ಪುಡಿಯನ್ನು ಹರಡಿ ಬಿರುಕನ್ನು ಹುಡುಕುತ್ತಾರೆ. ಬಿರುಕಿನ ಅಂಚುಗಳಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ. ಗೆರೆ ಕಂಡ ದಂಡವನ್ನು ಬೆಸೆದು ಉಳಿಸಿಕೊಳ್ಳುವ ಯೋಚನೆಯೇ ಕೂಡದು. ಭಾರವಾದ ಲೋಹದ ಪ್ರೊಪೆಲರಿಗೆ ಬದಲಾಗಿ ಮರದ್ದನ್ನೇ ಉಳಿಸಿಕೊಳ್ಳುವುದಕ್ಕೂ ಕಾರಣ ಇದೇ: ಅದರ ಜಡತ್ವ ಕಡಮೆ, ಕಂಪನವನ್ನು ನುಂಗುವ ಗುಣ ಹೆಚ್ಚು.

ಫೋರ್ಡ್ ಎಂಜಿನಿಗೆ ಎಣ್ಣೆಯ ತೊಡಕೂ ಉಂಟು. ಇಲ್ಲಿ ಪಂಪು ಎಣ್ಣೆಯನ್ನು ಕವಾಟಗಳ ಕೋಣೆಗೆ ಎತ್ತುತ್ತದೆಯಷ್ಟೆ; ಅಲ್ಲಿಂದ ಮುಖ್ಯ ಬೇರಿಂಗುಗಳಿಗೆ ಅದು ತನ್ನ ಭಾರದಿಂದಲೇ ಇಳಿಯಬೇಕು. ಉಳಿದೆಡೆಗೆ ಕನೆಕ್ಟಿಂಗ್ ರಾಡುಗಳ ತುದಿಯ ಸೌಟುಗಳು ತೊಟ್ಟಿಯ ಎಣ್ಣೆಯನ್ನು ಎರಚುತ್ತವೆ. ಸಮತಟ್ಟಾದ ರಸ್ತೆಗೆ ಈ ವ್ಯವಸ್ಥೆ ಸಾಕಾಗಿತ್ತು. ವಿಮಾನವು ಮೂಗೆತ್ತಿ ಏರುವಾಗ ಎಣ್ಣೆ ಬಾಲದ ಕಡೆಗೆ ಸರಿಯುತ್ತದೆ. ಅತ್ಯಂತ ಹೊರೆ ಹೊತ್ತ ಪ್ರೊಪೆಲರಿನ ಕಡೆಯ ಬೇರಿಂಗಿಗೆ, ಎಂಜಿನು ಪೂರ್ಣಶಕ್ತಿಯಲ್ಲಿ ದುಡಿಯುತ್ತಿರುವ ಆ ಹೊತ್ತಿನಲ್ಲೇ, ಎಣ್ಣೆಯ ಕೊರತೆಯಾಗುವ ಸಂಭವವಿದೆ. ಆ ಬೇರಿಂಗಿಗೆ ಪ್ರತ್ಯೇಕ ನಳಿಕೆಯಿಂದ ಎಣ್ಣೆ ಒದಗಿಸುವುದು ಈ ಪರಿವರ್ತನೆಯಲ್ಲಿ ಕೈಬಿಡಬಾರದ ಅಂಗ.

ಮರದ ಹಂದರದ ಪರೀಕ್ಷೆ ಬೇರೊಂದು ಲೇಖನಕ್ಕೆ ತಕ್ಕ ವಿಷಯ. ಹಳೆಯ ವಿಮಾನಗಳಲ್ಲಿ ಹಾಲಿನ ಕೇಸೀನಿನಿಂದ ಮಾಡಿದ ಅಂಟು ಬಳಕೆಯಲ್ಲಿತ್ತೆಂದೂ, ತೇವ ತಗುಲಿದರೆ ಅದಕ್ಕೆ ಬೂಷ್ಟು ಹಿಡಿದು ಕೀಲು ಸಡಿಲವಾಗುತ್ತದೆಂದೂ ಇಲ್ಲಿ ಹೇಳಿದರೆ ಸಾಕು. ರೆಕ್ಕೆಯ ತೊಲೆಯಲ್ಲಿ ನಾರಿಗೆ ಅಡ್ಡಲಾಗಿ ಕೂದಲೆಳೆಯಂಥ ಗೆರೆ ಕಂಡರೆ ಆ ಮರವು ಹಿಂದೆಂದೋ ಅದುಮಿಹೋಗಿದೆಯೆಂದು ತಿಳಿಯಬೇಕು. ದೀಪವನ್ನು ಓರೆಯಾಗಿ ಹಿಡಿದಾಗಲೇ ಅದು ಕಣ್ಣಿಗೆ ಬೀಳುತ್ತದೆ.

ಇಷ್ಟು ಕಷ್ಟವೇಕೆ, ವಿಮಾನಕ್ಕೆಂದೇ ತಯಾರಾದ ಕಾಂಟಿನೆಂಟಲ್ ಎ-65 ಎಂಜಿನನ್ನು ಕೂರಿಸಬಾರದೇ ಎಂದು ಕೇಳಬಹುದು. ಕೂರಿಸಬಹುದು, ಹಲವರು ಕೂರಿಸಿದ್ದಾರೆ. ಆದರೆ ಅದರ ತೂಕ ಸುಮಾರು 77 ಕಿಲೋಗ್ರಾಂ; ಫೋರ್ಡಿನದು ಸುಮಾರು 110. ವಿಮಾನದ ಗುರುತ್ವಕೇಂದ್ರಕ್ಕಿಂತ 1.2 ಮೀಟರು ಮುಂದಿರುವ ಸ್ಥಾನದಿಂದ 33 ಕಿಲೋಗ್ರಾಂ ತೆಗೆದರೆ, ಒಟ್ಟು 450 ಕಿಲೋಗ್ರಾಂ ತೂಗುವ ವಿಮಾನದ ಗುರುತ್ವಕೇಂದ್ರವು ಸುಮಾರು 9 ಸೆಂಟಿಮೀಟರು ಹಿಂದಕ್ಕೆ ಸರಿಯುತ್ತದೆ. ಒಂದೂವರೆ ಮೀಟರು ಅಗಲದ ರೆಕ್ಕೆಗೆ ಇದು ಶೇಕಡಾ ಆರು. ಸಂಖ್ಯೆ ಸಣ್ಣದಾಗಿ ಕಂಡರೂ ಬಾಲ ಭಾರವಾದ ವಿಮಾನವು ವೇಗ ಕುಂದಿದಾಗ ಚಾಲಕನ ಹಿಡಿತಕ್ಕೆ ಬಾರದೆ ಹೋಗಬಹುದು. ಆದ್ದರಿಂದ ಹಗುರವಾದ ಎಂಜಿನನ್ನು ಇನ್ನಷ್ಟು ಮುಂದಕ್ಕೆ ಚಾಚಿ ನಿಲ್ಲಿಸಬೇಕಾಗುತ್ತದೆ. ಸುರಕ್ಷಿತವೆನ್ನುವ ಎಂಜಿನೂ ಹೀಗೆ ತನ್ನದೇ ಲೆಕ್ಕವನ್ನು ಕೇಳುತ್ತದೆ.

ಪೆಟ್ರೋಲು ಟ್ಯಾಂಕಿನಿಂದ ತನ್ನ ಭಾರದಿಂದಲೇ ಇಳಿದು ಬರುವ ವಿಮಾನದಲ್ಲಿ, ಮೂಗನ್ನು ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ ಹರಿವನ್ನು ಪಾತ್ರೆಗೆ ಹಿಡಿದು ಅಳೆಯುತ್ತಾರೆ. ಪೂರ್ಣಶಕ್ತಿಯಲ್ಲಿ ಎಂಜಿನಿಗೆ ಬೇಕಾದುದರ ಒಂದೂವರೆಯಷ್ಟು ಬರಬೇಕು. ಬಳಿಕ ಬಾಲವನ್ನು ಬಲವಾದ ಗೂಟಕ್ಕೆ ಕಟ್ಟಿ, ನಡುವೆ ಸ್ಪ್ರಿಂಗ್ ತಕ್ಕಡಿಯನ್ನಿಟ್ಟು ನೂಕುಬಲವನ್ನು ಅಳೆಯುತ್ತಾರೆ. ವಿಮಾನಕ್ಕೆಂದು ಪ್ರಮಾಣಿತವಾಗದ ಎಂಜಿನುಳ್ಳ ಇಂಥ ವಿಮಾನವು ಪ್ರಯಾಣಿಕರಿಲ್ಲದೆ, ಜನವಸತಿಯಿಂದ ದೂರದಲ್ಲಿ 40 ಗಂಟೆಗಳ ಪರೀಕ್ಷಾ ಹಾರಾಟವನ್ನು ಮುಗಿಸಬೇಕೆಂಬುದು ಅಮೆರಿಕದಲ್ಲಿ ಬಹುಕಾಲದಿಂದ ಬಂದ ರೂಢಿ. ಪ್ರಮಾಣಿತ ಎಂಜಿನಿಗೆ 25 ಗಂಟೆ. ಜಾಣನಾದ ಚಾಲಕನು ಮೊದಲ ಹಾರಾಟಗಳೆಲ್ಲದರ ಬಳಿಕ ಎಣ್ಣೆಯನ್ನು ಬಿಳಿಯ ಬಟ್ಟೆಯಲ್ಲಿ ಸೋಸಿ ನೋಡುತ್ತಾನೆ. ಬೆಳ್ಳಿಯ ಬಣ್ಣದ ಚೂರುಗಳು ಬಟ್ಟೆಯಲ್ಲಿ ಉಳಿದರೆ ಬೇರಿಂಗಿನ ಲೋಹ ಸವೆಯುತ್ತಿದೆಯೆಂದೇ ಅರ್ಥ. ಆಗ ವಿಮಾನವನ್ನು ಕೊಟ್ಟಿಗೆಗೆ ಎಳೆದು ಎಂಜಿನನ್ನು ಮತ್ತೊಮ್ಮೆ ಬಿಚ್ಚಬೇಕು.