ಗಬ್ಬ ನಿಲ್ಲದಿದ್ದರೆ ತಪ್ಪು ಹಸುವಿನದ್ದೇ?

ಸೊಕ್ಕೆ ಭಾಗದ ಹೈನುಗಾರ ಸಹೋದರಿಯರೇ, ಬೇಸಿಗೆಯಲ್ಲಿ ಹಸು ಗಬ್ಬ ನಿಲ್ಲದಿದ್ದರೆ ನಾವು ಮೊದಲು ದೂರುವುದು ಹಸುವನ್ನೇ. ಹೋರಿಯ ಕಡೆಗೂ ಸ್ವಲ್ಪ ನೋಡಿ.

ವೀರ್ಯಾಣುವಿನ ಹೊರಪೊರೆಯಲ್ಲಿ ಬೇಗ ಕೆಡುವಂಥ ಕೊಬ್ಬು ಹೆಚ್ಚು. ಆಮ್ಲಜನಕ, ಸಾರಜನಕಗಳಿಂದ ಮೈಯೊಳಗೇ ಹುಟ್ಟುವ ಕೆಲವು ತೀಕ್ಷ್ಣ ಕಣಗಳು ಮಿತಿಮೀರಿದರೆ, ಹಳೆಯ ಕೊಬ್ಬರಿ ಕಮಟು ಹಿಡಿದಂತೆ ಈ ಪೊರೆ ಕೆಡುತ್ತದೆ. ವೀರ್ಯಾಣುವಿನ ಓಟ ಕುಗ್ಗುತ್ತದೆ, ಒಳಗಿನ ವಂಶವಾಹಿಗೂ ಪೆಟ್ಟು ಬೀಳುತ್ತದೆ. ಮಿತಿಯಲ್ಲಿದ್ದರೆ ಇವೇ ಕಣಗಳು ಬೇಕು. ಅಂಡದೊಳಗೆ ಹೊಗಲು ವೀರ್ಯಾಣು ಸಿದ್ಧವಾಗುವುದು ಇವುಗಳ ನೆರವಿನಿಂದ.

ಬಿಸಿಲಿನ ತಾಪ ಈ ಕಣಗಳನ್ನು ಹೆಚ್ಚಿಸುತ್ತದೆ. ವೀರ್ಯಾಣು ತಯಾರಾಗಲು ಸುಮಾರು 60 ದಿನ ಬೇಕು. ಹಾಗಾಗಿ ಏಪ್ರಿಲ್ ಬಿಸಿಲಿಗೆ ಬಳಲಿದ ಹೋರಿಯ ದೋಷ ಮಳೆ ಬಿದ್ದ ಮೇಲೂ, ಜೂನ್‌ನಲ್ಲೂ ಕಾಡಬಹುದು. ಹೋರಿ ಸಾಕಿದವರು ನೆರಳು, ತಣ್ಣೀರು, ಹಸಿರು ಮೇವು, ಖನಿಜ ಮಿಶ್ರಣ ತಪ್ಪಿಸಬೇಡಿ.

ಕೃತಕ ಗರ್ಭಧಾರಣೆಯ ಕಡ್ಡಿಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿರುತ್ತವೆ (ಈ ಸಾರಜನಕ ಬರೀ ತಂಪಿಗೆ, ಭಯ ಬೇಡ). ಆದರೆ ಹೆಪ್ಪುಗಟ್ಟಿಸಿ ಕರಗಿಸುವಾಗಲೂ ಪೊರೆಗೆ ಅದೇ ಪೆಟ್ಟು. ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಇಟ್ಟು, ಒರೆಸಿ, ಕೂಡಲೇ ಬಳಸಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸಿದ್ದು ಬೇಡ. ನೀರು ನೀವೇ ಕಾಯಿಸಿಡಿ, ಥರ್ಮಾಮೀಟರ್ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಒಂದು ಸಲ ತಪ್ಪಿದರೆ ಮುಂದಿನ ಬೆದೆಗೆ 21 ದಿನ ಕಾಯಬೇಕು; ಅಷ್ಟೂ ದಿನ ಮೇವು, ಹಿಂಡಿ ನಿಮ್ಮ ಕೈಯಿಂದಲೇ.