ಸೊಂಟದ ಕೋವಿಗೊಂದು ಪಾಠಶಾಲೆ

ಟೆಕ್ಸಸ್‌ನ ಆಸ್ಟಿನ್ ನಗರದ ಗದ್ದಲ ಹಿಂದೆ ಉಳಿದು ಅರ್ಧ ಗಂಟೆಯಾಗಿತ್ತು. ರಸ್ತೆಯ ಎರಡೂ ಬದಿ ಸುಣ್ಣಕಲ್ಲಿನ ಬೋಳು ಗುಡ್ಡಗಳು, ಅವುಗಳ ಮೈಗೆ ಅಂಟಿಕೊಂಡ ಕುಳ್ಳ ಓಕ್ ಮರಗಳು, ನಡುನಡುವೆ ಪಾಪಾಸುಕಳ್ಳಿ. ಜಲ್ಲಿ ಹಾದಿಗೆ ಕಾರು ಇಳಿದಾಗ ಬಿಳಿ ದೂಳು ಎದ್ದು ಗಾಜಿಗೆ ಮೆತ್ತಿತು. ಗುಡ್ಡದಾಚೆಯಿಂದ ಒಣ ಬಿದಿರು ಸಿಡಿದಂಥ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು. ದಾರಿ ತಪ್ಪಿಲ್ಲ ಎಂದು ಗೊತ್ತಾದದ್ದು ಆ ಸದ್ದಿನಿಂದಲೇ.

ತಗಡಿನ ಮಾಡಿನ ಉದ್ದನೆಯ ಕೊಠಡಿ. ಬಾಗಿಲ ಬಳಿ ಕುದಿದು ಕಹಿಯಾದ ಕಾಫಿ, ಸಕ್ಕರೆ ಪುಡಿ ಉದುರಿಸಿದ ಡೋನಟ್‌ಗಳ ಪೆಟ್ಟಿಗೆ. ಮಡಚುವ ಕುರ್ಚಿಗಳಲ್ಲಿ ಹದಿನೈದು ಹದಿನಾರು ಮಂದಿ. ರಾತ್ರಿ ಪಾಳಿ ಮುಗಿಸಿ ನೇರ ಬಂದಂತಿದ್ದ ನರ್ಸ್, ಕೈ ಕೈ ಹಿಡಿದು ಕೂತ ಹೊಸ ಜೋಡಿ, ಮೊಮ್ಮಗಳ ಜೊತೆ ಬಂದಿದ್ದ ಬೆಳ್ಳಿಕೂದಲಿನ ಅಜ್ಜಿ. ಕಲಿಸುವವರು ಪೊಲೀಸ್ ಕೆಲಸದಿಂದ ನಿವೃತ್ತರಾದ ಹಿರಿಯರು, ದೊಡ್ಡ ದೇಹ, ಮೆತ್ತಗಿನ ದನಿ. ಅವರ ಮೊದಲ ಮಾತೇ, “ಯಾರ ಜೇಬಿನಲ್ಲಾದರೂ ತೋಟಾ ಇದ್ದರೆ ಈಗಲೇ ಕಾರಿನಲ್ಲಿಟ್ಟು ಬನ್ನಿ. ಈ ಕೋಣೆಯೊಳಗೆ ಒಂದೂ ಇರಕೂಡದು.” ಇಬ್ಬರು ಎದ್ದು ಹೋದರು. ಅವರು ಮರಳುವವರೆಗೆ ಪಾಠ ಶುರುವಾಗಲಿಲ್ಲ.

ನಾನು ಕೊಡಗಿನವಳು. ಕೋವಿ ನನಗೆ ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ದೇವರ ಕೋಣೆಯಲ್ಲಿ ಒರಗಿಸಿಟ್ಟ ಒಂಟಿ ನಳಿಕೆಯ ಕೋವಿಗೆ ತೋಕ್‌ಪೂ ಎಂಬ ಕೆಂಪು ಹಳದಿ ಹೂ ಮುಡಿಸುತ್ತಿದ್ದದ್ದು, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಡಲು ಹೆಂಗಸರೂ ಸಾಲು ನಿಲ್ಲುತ್ತಿದ್ದದ್ದು ಕಣ್ಣ ಮುಂದಿದೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಕೊಡವರಿಗೆ ಬ್ರಿಟಿಷರ ಕಾಲದಿಂದ ಬಂದದ್ದು; ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಆ ಕೋವಿ ಹೆಗಲ ಮೇಲೆ ಎಲ್ಲರಿಗೂ ಕಾಣುವಂಥದು. ಊರಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸಿ ಸುದ್ದಿ ಮುಟ್ಟಿಸುವಂಥದು. ಇಲ್ಲಿ ಕಲಿಸುವುದು ಅಂಗಿಯ ಮರೆಯಲ್ಲಿ ಯಾರಿಗೂ ಗೊತ್ತಾಗದಂತೆ ಇರುವ ಕೋವಿಯ ಪಾಠ. ಮೂರು ಹೆಜ್ಜೆ ದೂರದಲ್ಲಿ ಕೂತವರ ಸೊಂಟದಲ್ಲಿ ಅದು ಇದೆಯೋ ಇಲ್ಲವೋ ಹೇಳಲಾಗದು ಎಂಬ ಯೋಚನೆಗೆ ನಾನು ಇನ್ನೂ ಪೂರ್ತಿ ಒಗ್ಗಿಕೊಂಡಿಲ್ಲ.

ನೀಲಿ ಪ್ಲಾಸ್ಟಿಕ್ಕಿನ ಆಟಿಕೆಯಂಥ ಪಿಸ್ತೂಲು ಕೈಯಿಂದ ಕೈಗೆ ಸಾಗಿತು. ಯಾವ ಕೋವಿಯನ್ನಾದರೂ ತುಂಬಿದ್ದೆಂದೇ ತಿಳಿ, ಹಾಳಾಗಬಾರದ ಯಾವುದರ ಕಡೆಗೂ ನಳಿಕೆ ತಿರುಗಿಸಬೇಡ, ಗುರಿ ಕೂಡುವವರೆಗೆ ಬೆರಳು ಟ್ರಿಗರ್ ಮುಟ್ಟದಿರಲಿ, ಗುರಿಯ ಹಿಂದೆ ಏನಿದೆ ನೋಡಿಕೊ. ಜೆಫ್ ಕೂಪರ್ ಎಂಬ ಗುರಿಕಾರನ ಹೆಸರಿನಲ್ಲಿ ಪ್ರಸಿದ್ಧವಾದ ಈ ನಾಲ್ಕು ಮಾತುಗಳನ್ನು ಅಜ್ಜಿಯೂ ಮಗ್ಗಿಯಂತೆ ಒಪ್ಪಿಸಿದರು. ನನ್ನ ಅಜ್ಜ ಇದನ್ನೆಲ್ಲ ಒಂದೇ ಬೈಗುಳದಲ್ಲಿ ಕಲಿಸಿದ್ದರು.

ಮಧ್ಯಾಹ್ನದವರೆಗೆ ಕೋವಿಯ ಮಾತಿಗಿಂತ ಕೋವಿ ತೆಗೆಯದಿರುವ ಮಾತೇ ಹೆಚ್ಚು. ಪಾರ್ಕಿಂಗ್ ಜಾಗಕ್ಕೆ ಜಗಳವಾದರೆ ಏನು ಮಾಡುತ್ತೀರಿ? ಹಿಂದಿನ ಕಾರಿನವನು ಹಾರ್ನ್ ಒತ್ತಿ ಬೈದರೆ? “ಕ್ಷಮಿಸಿ ಅಂದು ಹೊರಟುಬಿಡಿ, ಸೊಂಟದಲ್ಲಿ ಅದಿದ್ದಾಗ ನೀವೇ ಸೋಲಬೇಕು,” ಎಂದರು ಗುರುಗಳು. ಕೈ ಮಾಡದೆ ಜಗಳ ಬಗೆಹರಿಸುವುದನ್ನೂ ಮಕ್ಕಳ ಕೈಗೆ ಸಿಗದಂತೆ ಕೋವಿ ಇಡುವುದನ್ನೂ ಕಲಿಸಲೇಬೇಕೆಂದು ಟೆಕ್ಸಸ್‌ನ ಕಾನೂನೇ ಹೇಳುತ್ತದೆ. ಶಾಲೆ, ನ್ಯಾಯಾಲಯ, ಮತಗಟ್ಟೆಗೆ ಒಯ್ಯುವಂತಿಲ್ಲ. ‘51%’ ಎಂಬ ಕೆಂಪು ಅಕ್ಷರದ ಫಲಕವಿದ್ದರೆ ಆ ಅಂಗಡಿಯ ಅರ್ಧಕ್ಕಿಂತ ಹೆಚ್ಚು ವ್ಯಾಪಾರ ಹೆಂಡದ್ದು, ಅಲ್ಲಿಗೂ ಇಲ್ಲ.

ಆಮೇಲೆ ಅವರು ಕಿಟಕಿಯಾಚೆ ಉತ್ತರದ ಕಡೆ ಕೈ ತೋರಿಸಿದರು. ಆ ದಿಕ್ಕಿನಲ್ಲಿ ಕಿಲೀನ್ ಎಂಬ ಊರಿದೆ. 1991ರ ಅಕ್ಟೋಬರ್ 16ರಂದು ಒಬ್ಬ ತನ್ನ ಪಿಕಪ್ ಟ್ರಕ್ಕನ್ನು ಲೂಬೀಸ್ ಎಂಬ ಹೋಟೆಲಿನ ಗಾಜಿನೊಳಕ್ಕೇ ನುಗ್ಗಿಸಿ, ಊಟಕ್ಕೆ ಕೂತಿದ್ದ 23 ಜನರನ್ನು ಗುಂಡಿಕ್ಕಿ ಕೊಂದ. ಸುಜಾನಾ ಹಪ್ ಎಂಬಾಕೆ ಅಪ್ಪ ಅಮ್ಮ ಇಬ್ಬರನ್ನೂ ಅಲ್ಲೇ ಕಳೆದುಕೊಂಡರು. ಅವರ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು. ಮರೆಯಲ್ಲಿ ಒಯ್ಯುವುದು ಅಂದು ಅಪರಾಧ. ಆಕೆ ಶಾಸಕರೆದುರು ಮತ್ತೆ ಮತ್ತೆ ನಿಂತು ಈ ಕಥೆ ಹೇಳಿದರು. ಲೈಸೆನ್ಸ್ ಪಡೆದವರು ಮರೆಯಲ್ಲಿ ಕೋವಿ ಒಯ್ಯಬಹುದೆಂದು 1995ರಲ್ಲಿ ಗವರ್ನರ್ ಜಾರ್ಜ್ ಬುಷ್ ಸಹಿ ಹಾಕಿದ ಕಾನೂನಿನಿಂದಲೇ ಈ ತರಗತಿ ಹುಟ್ಟಿತು. ಕೊಠಡಿಯಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಆಕೆಯ ನೋವಿನ ಮುಂದೆ ವಾದಕ್ಕೆ ನನ್ನ ಬಾಯಿ ಏಳಲಿಲ್ಲ.

ಇಳಿಬಿಸಿಲಿನಲ್ಲಿ ಗುಡ್ಡ ಕಡಿದು ಮಾಡಿದ ಬಯಲಿಗೆ ಹೋದೆವು. ಕಿವಿಗೆ ದಪ್ಪ ಮುಚ್ಚಳ, ಕಣ್ಣಿಗೆ ಕನ್ನಡಕ. ಮನುಷ್ಯನ ಎದೆಮಟ್ಟದ ಕಪ್ಪು ಆಕಾರದ ಕಾಗದ ಗಾಳಿಗೆ ಪಟಪಟಿಸುತ್ತಿತ್ತು. ಮೊದಲ ಇಪ್ಪತ್ತು ಗುಂಡು ಬರೀ ಮೂರು ಗಜದಿಂದ, ಮುಂದಿನ ಇಪ್ಪತ್ತು ಗುಂಡು ಏಳು ಗಜದಿಂದ, ಕೊನೆಯ ಹತ್ತು ಗುಂಡು ಹದಿನೈದು ಗಜದಿಂದ. ಕೈ ಕೊಡವಿದಂತೆ ಪಿಸ್ತೂಲು ಮೇಲೆ ಹಾರುತ್ತದೆ. ಕಾದ ಹಿತ್ತಾಳೆ ಚಿಪ್ಪು ಪಕ್ಕದವರ ಭುಜಕ್ಕೆ ತಾಗಿ ಜಲ್ಲಿಯ ಮೇಲೆ ಟಿಣ್ಣೆಂದು ಬೀಳುತ್ತದೆ. ಮದ್ದಿನ ವಾಸನೆ ಮೂಗಿಗೆ ಏರುತ್ತದೆ, ಥೇಟ್ ನಮ್ಮೂರ ಹಬ್ಬದ ವಾಸನೆ. ಅಜ್ಜಿಯ ಕೈ ನಡುಗುತ್ತಿತ್ತು. ಮೊಮ್ಮಗಳು ಹಿಂದೆ ನಿಂತು ಉಸಿರು ಬಿಗಿಹಿಡಿದಿದ್ದಳು. 250 ಅಂಕದಲ್ಲಿ 175 ಬಂದರೆ ಸಾಕು. ಅಜ್ಜಿ ಪಾಸಾದರು, ನಾನೂ ಪಾಸಾದೆ.

ಈಗ ಈ ಕಲಿಕೆ ಕಡ್ಡಾಯವಲ್ಲ. 2021ರ ಸೆಪ್ಟೆಂಬರ್ 1ರಿಂದ, ಬೇರೆ ಅಡ್ಡಿಯಿಲ್ಲದ 21 ತುಂಬಿದವರು ಲೈಸೆನ್ಸ್ ಇಲ್ಲದೆಯೇ ಟೆಕ್ಸಸ್‌ನಲ್ಲಿ ಕೈಬಂದೂಕು ಒಯ್ಯಬಹುದು. ಅದು ತಪ್ಪು ಎಂದೇ ನನ್ನ ನಂಬಿಕೆ. ಸೋತು ಮನೆಗೆ ಬರಲು ಕಲಿಸುವ ಆ ಬೆಳಗನ್ನು ಯಾರಿಗೂ ತಪ್ಪಿಸಬಾರದಿತ್ತು.

ಇಲ್ಲಿರುವ ನಮ್ಮವರಿಗೆ ಒಂದು ಮಾತು. ಎಚ್1ಬಿಯಂಥ ತಾತ್ಕಾಲಿಕ ವೀಸಾದಲ್ಲಿದ್ದರೆ, ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟು, ಕೋವಿ ಕೈಯಲ್ಲಿ ಹಿಡಿಯುವುದೇ ಅಮೆರಿಕದ ಕಾನೂನಿನಲ್ಲಿ ಅಪರಾಧ. ಗೆಳೆಯರು ಕರೆದರೆಂದು ರೇಂಜಿಗೆ ಹೋಗಿ ಗುಂಡು ಹಾರಿಸಬೇಡಿ. ಗ್ರೀನ್ ಕಾರ್ಡ್ ಬಂದು ಕೊಳ್ಳುವ ಮನಸ್ಸಾದರೆ, ಕೋವಿಯ ಅಂಗಡಿಗೆ ಹೋಗುವ ಮೊದಲು ಈ ತರಗತಿಗೆ ಬಂದು ಕೂತುಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಪೆಟ್ಟಿಗೆಯನ್ನು ಮೊದಲು ಕೊಳ್ಳಿ.